ಮಂಕಾಗಿದ್ದು ಯಾವ ನಕ್ಷತ್ರ? ತೀರ್ಥಹಳ್ಳಿ ಕಡೆಯ ಒಂದು ಮನೆಯಿಂದ ಟೆಸ್ ಡೇಟಾ ನೋಡಿದ ಪ್ರಕರಣ

ಮಲೆನಾಡಿನಲ್ಲಿ ಆಕಾಶ ನೋಡುವ ಹುಚ್ಚು ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವೇ ಇರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ನಕ್ಷತ್ರ ಹಾಗಿರಲಿ, ಎದುರಿನ ಗುಡ್ಡ ಕಂಡರೆ ಅದೇ ದೊಡ್ಡದು. ನಾನು ಶಿವಮೊಗ್ಗದಲ್ಲಿ ಪದವಿ ತರಗತಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಪ್ರಾಜೆಕ್ಟ್ ಮಾಡಬೇಕಾದ ಮಕ್ಕಳು ಖಗೋಳ ಅಂತ ಬಂದರೆ ಮೊದಲೆಲ್ಲ ಮಳೆಗಾಲ ಮುಗಿಯಲಿ ಅನ್ನುತ್ತಿದ್ದೆ. ಈಗ ಹಾಗೆ ಹೇಳಲ್ಲ. ಮೋಡದ ಮೇಲೆ ಕೂತು ನೋಡುವ ಟೆಲಿಸ್ಕೋಪುಗಳ ಡೇಟಾ ಎಲ್ಲರಿಗೂ ತೆರೆದಿದೆ, ಸುಮ್ನೆ ಬಿದ್ದಿದೆ ಅಂದರೂ ನಡೆಯುತ್ತದೆ.

ಇದು ಹಾಗೆ ಒಬ್ಬಳು ಹುಡುಗಿ ಮಾಡಿದ ಕೆಲಸದ ಪೂರ್ತಿ ಕಥೆ. ಹೆಸರು ಹಾಕುವುದು ಬೇಡ ಅಂದಿದ್ದಾಳೆ. ತೀರ್ಥಹಳ್ಳಿ ತಾಲೂಕಿನಲ್ಲಿ ಅವಳದ್ದು ಒಂಟಿ ಮನೆ. ಮೇಲೆ ಅಡಿಕೆ ತೋಟ, ಕೆಳಗೆ ಗದ್ದೆ, ಪಕ್ಕದ ಮನೆಗೆ ಹೋಗಬೇಕಂದ್ರೆ ಹಳ್ಳ ದಾಟಬೇಕು. ಮನೆ ಹಿಂದಿನ ದರೆ ಹತ್ತಿದರೆ ಮಾತ್ರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಜುಲೈ ತಿಂಗಳು, ಮಳೆಗೆ ಕಾಲೇಜಿಗೆ ರಜೆ ಕೊಟ್ಟಿದ್ದರು. ಆ ದರೆಯ ಮೇಲೆ ಕೊಡೆ ಹಿಡಿದು ನಿಂತು ಫೋನ್ ಮಾಡಿದಳು. "ಮೇಡಂ, ಒಂದು ಸಿಕ್ಕಿದೆ ಅನ್ಸ್ತದೆ."

ಸಿಕ್ಕಿದ್ದು ಏನು ಅಂತ ಹೇಳುವ ಮುಂಚೆ ಟೆಸ್ ಬಗ್ಗೆ ಸ್ವಲ್ಪ. ಇದು ನಾಸಾದ ಬಾಹ್ಯಾಕಾಶ ಟೆಲಿಸ್ಕೋಪು, 2018ರ ಏಪ್ರಿಲ್ 18ರಂದು ಹಾರಿತು. 13.7 ದಿನಕ್ಕೊಮ್ಮೆ ಭೂಮಿಗೆ ಒಂದು ಸುತ್ತು ಹಾಕುತ್ತದೆ. ನಾಲ್ಕು ಕ್ಯಾಮೆರಾ ಇವೆ, ಒಂದೊಂದಕ್ಕೂ 24 ಡಿಗ್ರಿ ಅಗಲ, 24 ಡಿಗ್ರಿ ಎತ್ತರದ ಆಕಾಶ ಒಟ್ಟಿಗೆ ಕಾಣುತ್ತದೆ. ಆಕಾಶದ ಒಂದು ಪಟ್ಟಿಯನ್ನು ಸುಮಾರು 27 ದಿನ ಬಿಡದೆ ನೋಡಿ ಮುಂದಿನ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಗೆ ಸೆಕ್ಟರ್ ಅಂತ ಹೆಸರು. ಇದೆಲ್ಲ ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹ ಹುಡುಕಲು. ಗ್ರಹವೊಂದು ತನ್ನ ನಕ್ಷತ್ರದ ಎದುರು ಹಾದು ಹೋದಾಗ ನಕ್ಷತ್ರದ ಬೆಳಕು ಚೂರು ಇಳಿಯುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಬಂದರೆ ಶೇ. 1ರಷ್ಟು, ಭೂಮಿಯಷ್ಟಿದ್ದರೆ ಬರೀ ಶೇ. 0.008ರಷ್ಟು. ನೆಲದಿಂದ ನೋಡುವಾಗ ಇಂಥ ಸಣ್ಣ ಇಳಿತ ಹಿಡಿಯುವುದು ಬಹಳ ಕಷ್ಟ, ನಡುವಿನ ಗಾಳಿಯೇ ನಕ್ಷತ್ರವನ್ನು ಅದಕ್ಕಿಂತ ಜಾಸ್ತಿ ಮಿನುಗಿಸುತ್ತದೆ. ಗಾಳಿಯಾಚೆ ಕೂತ ಟೆಸ್‌ಗೆ ಆ ತೊಂದರೆ ಇಲ್ಲ.

ಅದು ತೆಗೆದ ಚಿತ್ರಗಳೆಲ್ಲ ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಮಾಸ್ಟ್ ಎಂಬ ಸಂಗ್ರಹಕ್ಕೆ ಸೇರುತ್ತವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ, ಶಿಫಾರಸು ಬೇಡ. ಇಡೀ ಚಿತ್ರ ಬೇಡ ಅಂದರೆ ಬೇಕಾದ ನಕ್ಷತ್ರದ ಸುತ್ತಲಿನ ಹತ್ತು ಪಿಕ್ಸೆಲ್ ಅಗಲದ ತುಂಡು ಮಾತ್ರ ಕತ್ತರಿಸಿ ಕೊಡುತ್ತದೆ, ಕೆಲವೇ ಎಂಬಿ. ದರೆ ಮೇಲಿನ ಎರಡು ಕಡ್ಡಿ ಸಿಗ್ನಲ್‌ಗೂ ಅದು ಇಳಿಯುತ್ತದೆ. ಅದನ್ನು ಬಿಡಿಸಿ ನೋಡಲು ಲೈಟ್‌ಕರ್ವ್ ಅನ್ನುವ ಪೈಥಾನ್ ಪ್ಯಾಕೇಜ್ ಇದೆ, ಅದೂ ಪುಕ್ಕಟೆ. ಹುಡುಗಿ ಮೊದಲು ವಾಸ್ಪ್-18 ಬಿ ಎಂಬ ಗೊತ್ತಿರುವ ಗ್ರಹದ ಮೇಲೆ ಕೈ ಪಳಗಿಸಿಕೊಂಡಳು. ಆ ಗ್ರಹಕ್ಕೆ ಒಂದು ವರ್ಷ ಅಂದರೆ 23 ಗಂಟೆಗಿಂತ ಕಡಿಮೆ, ಹಾಗಾಗಿ ಒಂದು ಸೆಕ್ಟರ್‌ನಲ್ಲೇ ಇಪ್ಪತ್ತಕ್ಕೂ ಜಾಸ್ತಿ ಇಳಿತ ಸಿಗುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಆಮೇಲೆ ತನ್ನದೇ ನಕ್ಷತ್ರ ಹುಡುಕಲು ಹೊರಟಳು. ಮಹಾವ್ಯಾಧನ ಪಕ್ಕದ ಏಕಶೃಂಗಿ ಎಂಬ ರಾಶಿ ಆರಿಸಿಕೊಂಡಳು, ಚಳಿಗಾಲದಲ್ಲಿ ಮನೆ ಎದುರೇ ಕಾಣುತ್ತದೆ, ಆಗ ಕಣ್ಣಾರೆ ನೋಡಬಹುದು ಅಂತ. ನಾನೂ ಹೂಂ ಅಂದೆ. ಆ ಜಾಗದಲ್ಲಿ ಆಕಾಶಗಂಗೆ ಹಾದು ಹೋಗುತ್ತದೆ, ನಕ್ಷತ್ರಗಳು ಕಿಕ್ಕಿರಿದಿವೆ. ಅದು ಮುಂದೆ ನಮ್ಮನ್ನು ಸರಿಯಾಗಿ ಕಾಡಿತು.

ಸಿಕ್ಕಿದ್ದು ಇಷ್ಟು. ಬರಿಗಣ್ಣಿಗೆ ಕಾಣದ, ಹತ್ತೂವರೆ ಕಾಂತಿಮಾನದ ಒಂದು ನಕ್ಷತ್ರ. ಕಾಂತಿಮಾನ ಅಂದರೆ ನಕ್ಷತ್ರದ ಹೊಳಪಿನ ಅಳತೆ, ಅಂಕಿ ಜಾಸ್ತಿ ಆದಷ್ಟೂ ನಕ್ಷತ್ರ ಮಂಕು. ಸೂರ್ಯನಿಗಿಂತ ಚೂರು ದೊಡ್ಡದು, 1.1 ಪಟ್ಟು. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗಿನ ಸೆಕ್ಟರ್‌ನಲ್ಲಿ ಅದರ ಬೆಳಕು 1.9 ದಿನಕ್ಕೊಮ್ಮೆ, ಗಡಿಯಾರ ಹಿಡಿದ ಹಾಗೆ, ಶೇ. 0.7ರಷ್ಟು ಇಳಿಯುತ್ತಿತ್ತು. ಲೆಕ್ಕ ಸುಲಭ. 0.007ರ ವರ್ಗಮೂಲ ತೆಗೆದರೆ 0.084. ಅಂದರೆ ಅಡ್ಡ ಬರುವ ವಸ್ತುವಿನ ಅಗಲ ನಕ್ಷತ್ರದ ಅಗಲದ 0.084 ಪಾಲು. ಭೂಮಿಯ ಲೆಕ್ಕದಲ್ಲಿ ಹತ್ತು ಪಟ್ಟು. ಗುರು 11 ಪಟ್ಟು. ಆಗಲೇ ಗುರುತಿಸಿದ ಗ್ರಹಗಳ ಪಟ್ಟಿಯಲ್ಲೂ, ಗ್ರಹ ಇರಬಹುದು ಅನ್ನುವ ಅನುಮಾನದ ಪಟ್ಟಿಯಲ್ಲೂ ಈ ನಕ್ಷತ್ರ ಇರಲಿಲ್ಲ.

ನನ್ನ ಕೈ ನಡುಗಿತು ಅಂದರೆ ಸುಳ್ಳಲ್ಲ. 2019ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಬಂದ 17 ವರ್ಷದ ವುಲ್ಫ್ ಕುಕಿಯರ್ ಎಂಬ ಹುಡುಗ ಮೂರನೇ ದಿನವೇ ಟೆಸ್ ಡೇಟಾದಲ್ಲಿ ಟಿಓಐ-1338 ಎಂಬ ಜೋಡಿ ನಕ್ಷತ್ರದ ಸುತ್ತ ಗ್ರಹ ಗುರುತಿಸಿದ್ದ. ಅವನಿಗೆ ಸಿಕ್ಕಿದ್ದು ನಮ್ಮ ಹುಡುಗಿಗೆ ಯಾಕೆ ಸಿಗಬಾರದು? ಆ ಸಂಜೆಯೇ ಇಬ್ಬರು ಸಹೋದ್ಯೋಗಿಗಳಿಗೆ ಹೇಳಿಬಿಟ್ಟೆ. ಅದು ನಾನು ಮಾಡಿದ ತಪ್ಪು. ಹೇಳಿದ ಮೇಲೆ ನನಗೆ ಅದು ಗ್ರಹ ಆಗಲೇಬೇಕಿತ್ತು, ಹಾಗಾಗಿ ಕೇಳಬೇಕಾದ ಪ್ರಶ್ನೆ ಕೇಳುವ ಮನಸ್ಸೇ ಬರಲಿಲ್ಲ. ಕೇಳಿದ್ದು ಹುಡುಗಿ.

ನಾಲ್ಕು ದಿನ ಬಿಟ್ಟು ಕಾಲೇಜಿಗೆ ಬಂದವಳು ನೋಟ್‌ಬುಕ್ ಬಿಚ್ಚಿ ಮುಂದಿಟ್ಟಳು. ಪುಟದ ಅಂಚು ಮಳೆಗೆ ನೆನೆದು ಉಬ್ಬಿತ್ತು, ನೀಲಿ ಇಂಕು ಅಲ್ಲಲ್ಲಿ ಹರಡಿತ್ತು. ಲೆಕ್ಕ ಮಾತ್ರ ಸ್ಪಷ್ಟ. ನಕ್ಷತ್ರದ ತೂಕ ಸೂರ್ಯನ 1.1 ಪಟ್ಟು, ಸುತ್ತಿನ ಅವಧಿ 1.9 ದಿನ ಅಂದರೆ ಕೆಪ್ಲರ್‌ನ ಮೂರನೇ ನಿಯಮದ ಪ್ರಕಾರ ಗ್ರಹ ನಕ್ಷತ್ರದಿಂದ ಸುಮಾರು 46 ಲಕ್ಷ ಕಿಲೋಮೀಟರ್ ದೂರ ಇರಬೇಕು. ಒಂದು ಸುತ್ತಿನ ಉದ್ದ 2.9 ಕೋಟಿ ಕಿಲೋಮೀಟರ್. ಅದನ್ನು 45.6 ಗಂಟೆಯಲ್ಲಿ ಮುಗಿಸಬೇಕು, ಅಂದರೆ ಗಂಟೆಗೆ 6.4 ಲಕ್ಷ ಕಿಲೋಮೀಟರ್ ವೇಗ. ನಕ್ಷತ್ರದ ಅಗಲ 15.3 ಲಕ್ಷ, ಗ್ರಹದ್ದು 1.3 ಲಕ್ಷ. ಎರಡೂ ಸೇರಿಸಿ ದಾಟಲು ಬೇಕಾಗುವುದು 2.6 ಗಂಟೆ. ನಟ್ಟನಡುವೆ ಹಾದು ಹೋದರೂ ಅಷ್ಟೇ, ಅಂಚಿನಲ್ಲಿ ಹೋದರೆ ಇನ್ನೂ ಕಡಿಮೆ. "ಆದ್ರೆ ಮೇಡಂ, ನಮ್ಮ ಇಳಿತ ಮೂರೂವರೆ ಗಂಟೆ ಇದೆ" ಅಂದಳು.

ನಾನು ಎರಡು ಸಲ ಲೆಕ್ಕ ನೋಡಿದೆ. ಸರಿ ಇತ್ತು. ಆ ನಕ್ಷತ್ರದ ಮುಂದೆ, ಆ ಅವಧಿಯಲ್ಲಿ ಸುತ್ತುವ ಯಾವ ಗ್ರಹಕ್ಕೂ ಮೂರೂವರೆ ಗಂಟೆ ತೆಗೆದುಕೊಳ್ಳಲು ಬರುವುದಿಲ್ಲ.

ಆಗ ಬಿಟ್ಟಿದ್ದನ್ನೆಲ್ಲ ಹಿಡಿದೆವು. ಮೊದಲನೆಯದು, ಅವಧಿಯನ್ನು ದುಪ್ಪಟ್ಟು ಮಾಡಿ ನೋಡುವುದು. ಸಾಫ್ಟ್‌ವೇರ್ 1.9 ದಿನ ಅಂದಿತ್ತು, ನಾವು ಒಪ್ಪಿಕೊಂಡು ಎಲ್ಲ ಇಳಿತಗಳನ್ನೂ ಒಂದರ ಮೇಲೊಂದು ಪೇರಿಸಿದ್ದೆವು. ಹಾಗೆ ಪೇರಿಸಿದರೆ ಒಂದಕ್ಕೊಂದು ಇರುವ ವ್ಯತ್ಯಾಸ ಮುಚ್ಚಿಹೋಗುತ್ತದೆ. ಈಗ 3.8 ದಿನಕ್ಕೆ ಪೇರಿಸಿದೆವು. ಒಂದು ಇಳಿತ ಶೇ. 0.70, ಮುಂದಿನದು ಶೇ. 0.62. ಒಂದು ಬಿಟ್ಟು ಒಂದು, ಸೆಕ್ಟರ್ ಉದ್ದಕ್ಕೂ ಹಾಗೆಯೇ. ತಳವೂ ತಟ್ಟೆಯ ಹಾಗೆ ಚಪ್ಪಟೆ ಇರಲಿಲ್ಲ, ಚೂಪಾಗಿತ್ತು. ಗ್ರಹ ಆದರೆ ಪ್ರತಿ ಸಲವೂ ಒಂದೇ ಆಳ ಇರಬೇಕು. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಾ, ಒಮ್ಮೆ ಇದು ಅದನ್ನು, ಒಮ್ಮೆ ಅದು ಇದನ್ನು ಮರೆ ಮಾಡಿದರೆ ಹೀಗೆ ಎರಡು ಬಗೆಯ ಆಳ ಬರುತ್ತದೆ. ನಾವು ನೋಡುತ್ತಿದ್ದದ್ದು ಗ್ರಹಣದ ಜೋಡಿ. ಎರಡು ವರ್ಷದ ನಂತರ, 2020ರ ಡಿಸೆಂಬರ್‌ನಿಂದ 2021ರ ಜನವರಿವರೆಗೆ, ಟೆಸ್ ಅದೇ ಜಾಗಕ್ಕೆ ಮರಳಿತ್ತು. ಮೊದಲ ಸಲ ಅರ್ಧ ಗಂಟೆಗೊಂದು ಚಿತ್ರ, ಎರಡನೇ ಸಲ ಹತ್ತು ನಿಮಿಷಕ್ಕೊಂದು. ಅದರಲ್ಲಿ ಇದೆಲ್ಲ ಇನ್ನೂ ನಿಚ್ಚಳ.

ಅಲ್ಲಿಗೆ ಗ್ರಹ ಹೋಯಿತು. ಆದರೆ ಇನ್ನೊಂದು ತೊಡಕು ಉಳಿಯಿತು. ಎರಡು ನಕ್ಷತ್ರ ಒಂದನ್ನೊಂದು ಮುಚ್ಚಿದರೆ ಬೆಳಕು ಇಪ್ಪತ್ತು, ಮೂವತ್ತು ಶೇಕಡಾ ಇಳಿಯುವುದು ಮಾಮೂಲು. ಇಲ್ಲಿ ಮುಕ್ಕಾಲು ಶೇಕಡಾ ಕೂಡ ಇಲ್ಲ. ಅಂಚು ಮಾತ್ರ ಸವರಿಕೊಂಡು ಹೋಗುತ್ತಿರಬಹುದಾ? ಹಾಗಾದರೆ ಇಳಿತ ಇಷ್ಟು ಹೊತ್ತು ಇರುವುದಿಲ್ಲ.

ಇದಕ್ಕೆ ಉತ್ತರ ಹೊಳೆದದ್ದೂ ಹುಡುಗಿಗೇ, ಅದೂ ಮನೆಯ ಜಗಲಿಯಲ್ಲಿ. ಅವರ ಮನೆಯಿಂದ ಎದುರು ಗುಡ್ಡದಲ್ಲಿ ರಾತ್ರಿ ಒಂದು ದೀಪ ಕಾಣುತ್ತದೆ. ಮಳೆಯಲ್ಲಿ ಅದು ಮಸುಕಾಗಿ, ಹರಡಿದ ಒಂದೇ ಬೆಳಕು. ಅಲ್ಲಿ ಇರುವುದು ಎರಡು ಮನೆ, ಒಂದರ ಹಿಂದೆ ಒಂದು. ಹಿಂದಿನ ಮನೆಯವರು ದೀಪ ಆರಿಸಿದರೆ ಈ ಕಡೆಯಿಂದ ನೋಡುವವರಿಗೆ ಮುಂದಿನ ಮನೆಯ ದೀಪವೇ ಚೂರು ಮಂಕಾದ ಹಾಗೆ ಕಾಣುತ್ತದೆ. "ನಮ್ಮ ಪಿಕ್ಸೆಲ್‌ನಲ್ಲೂ ಎರಡು ಮನೆ ಇರಬಹುದಲ್ವಾ ಮೇಡಂ?" ಅಂತ ಮೆಸೇಜ್ ಹಾಕಿದಳು.

ಇರಬಹುದು. ಟೆಸ್‌ನ ದೊಡ್ಡ ಮಿತಿಯೇ ಅದು. ಅಗಲ ಆಕಾಶ ಒಟ್ಟಿಗೆ ನೋಡಬೇಕು ಅಂತ ಕಟ್ಟಿದ್ದು, ಅದಕ್ಕೇ ಅದರ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಆಕಾಶವನ್ನು ನುಂಗುತ್ತದೆ. ಒಂದು ಡಿಗ್ರಿಯನ್ನು 3,600 ತುಂಡು ಮಾಡಿದರೆ ಒಂದು ತುಂಡು ಒಂದು ಆರ್ಕ್‌ಸೆಕೆಂಡ್. ಟೆಸ್‌ಗಿಂತ ಮುಂಚೆ ಹಾರಿದ ಕೆಪ್ಲರ್ ಟೆಲಿಸ್ಕೋಪಿನ ಪಿಕ್ಸೆಲ್ 4 ಆರ್ಕ್‌ಸೆಕೆಂಡ್ ಇತ್ತು. ನಾವು ಮೂರಕ್ಕೆ ಮೂರು ಪಿಕ್ಸೆಲ್ ಚೌಕದ ಬೆಳಕನ್ನೆಲ್ಲ ಕೂಡಿಸಿದ್ದೆವು. 63 ಆರ್ಕ್‌ಸೆಕೆಂಡ್ ಅಗಲ, ಅದೂ ಆಕಾಶಗಂಗೆಯ ನಟ್ಟನಡುವೆ. ಅಲ್ಲಿ ಒಂದೇ ಮನೆ ಇದ್ದರೆ ಆಶ್ಚರ್ಯ ಪಡಬೇಕು.

ಒಂಬತ್ತೂ ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ನೋಡಿದೆವು. ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಗಳಿಗೆ ಅದು. ಪರದೆಯ ಮೇಲೆ ಒಂಬತ್ತು ಸಣ್ಣ ಗ್ರಾಫು, ಮನೆಯ ಕಿಟಕಿಗಳ ಹಾಗೆ. ನಡುವಿನ ಕಿಟಕಿಯಲ್ಲಿ, ನಮ್ಮ ನಕ್ಷತ್ರ ಕೂತಿರುವ ಪಿಕ್ಸೆಲ್‌ನಲ್ಲಿ, ಇಳಿತ ಶೇ. 0.5ಕ್ಕಿಂತ ಕಡಿಮೆ. ಎಡಗಡೆ ಸಾಲಿನಲ್ಲಿ ಇಳಿತವೇ ಇಲ್ಲ ಅನ್ನಬಹುದು. ಬಲಗಡೆ ಮೇಲಿನ ಮೂಲೆಯಲ್ಲಿ ಶೇ. 3ಕ್ಕಿಂತ ಜಾಸ್ತಿ! ಕಳ್ಳ ಆ ಮೂಲೆಯಲ್ಲಿದ್ದ.

ಅಲ್ಲಿ ಯಾರಿದ್ದಾರೆ ಅಂತ ನೋಡಲು ಗಯಾ ಬೇಕು. ಇದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯದ್ದು, 2013ರ ಡಿಸೆಂಬರ್‌ನಲ್ಲಿ ಹಾರಿ 2025ರ ಜನವರಿವರೆಗೆ ಆಕಾಶ ಅಳೆಯಿತು. 2022ರ ಜೂನ್‌ನಲ್ಲಿ ಬಿಡುಗಡೆಯಾದ ಅದರ ಮೂರನೇ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳ ಸ್ಥಾನ, ಕಾಂತಿ, ಬಹುಪಾಲು ನಕ್ಷತ್ರಗಳ ದೂರ ಇವೆ. ನಮ್ಮ ನಕ್ಷತ್ರದಿಂದ 30 ಆರ್ಕ್‌ಸೆಕೆಂಡ್ ಆಚೆ, ಸರಿಯಾಗಿ ಆ ಮೂಲೆಯ ದಿಕ್ಕಿನಲ್ಲಿ, 14.7 ಕಾಂತಿಮಾನದ ಒಂದು ಸಣ್ಣ ಚುಕ್ಕೆ ಇತ್ತು. ದೊಡ್ಡದು ನಮ್ಮಿಂದ ಸುಮಾರು 500 ಜ್ಯೋತಿರ್ವರ್ಷ ದೂರ, ಸಣ್ಣದು ಸುಮಾರು 3,000. ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದೇ ದಿಕ್ಕಿನಲ್ಲಿ ಕಾಣುತ್ತವೆ, ಅಷ್ಟೇ.

ಕಾಂತಿಮಾನದ ವ್ಯತ್ಯಾಸ 4.2. ಅಂದರೆ ಸಣ್ಣದರ ಬೆಳಕು ದೊಡ್ಡದರ ನೂರರಲ್ಲಿ ಎರಡು ಪಾಲು. ಒಟ್ಟು ಬೆಳಕಿನಲ್ಲಿ ಶೇ. 0.7 ಇಳಿಯಬೇಕಾದರೆ ಆ ಎರಡು ಪಾಲಿನಲ್ಲಿ ಮೂರನೇ ಒಂದು ಭಾಗ ಮಾಯವಾಗಬೇಕು, ಶೇ. 34. ಗ್ರಹಣದ ಜೋಡಿಗೆ ಅದು ತೀರಾ ಸಹಜವಾದ ಅಂಕಿ. ಎಲ್ಲ ಕೂಡಿಬಂತು. ಮೂರೂವರೆ ಗಂಟೆಯೂ ಕೂಡಿಬಂತು, ಸೂರ್ಯನಿಗಿಂತ ಚೂರು ಸಣ್ಣ ಎರಡು ನಕ್ಷತ್ರ 3.8 ದಿನಕ್ಕೊಮ್ಮೆ ಸುತ್ತಿದರೆ ಗ್ರಹಣ ಅಷ್ಟು ಹೊತ್ತು ಇರುತ್ತದೆ.

ಗಯಾದ ಇನ್ನೊಂದು ಪಟ್ಟಿ ಇದೆ, ಗ್ರಹಣದ ಜೋಡಿ ಇರಬಹುದಾದ ನಕ್ಷತ್ರಗಳದ್ದು, 20 ಲಕ್ಷಕ್ಕೂ ಜಾಸ್ತಿ. ಕೊನೆಗೆ ಅದನ್ನೂ ತೆರೆದೆವು. ನಮ್ಮ ಸಣ್ಣ ಚುಕ್ಕೆ ಅಲ್ಲಿ ಮೊದಲೇ ಇತ್ತು, 3.8 ದಿನದ ಅವಧಿಯ ಸಮೇತ. ಹುಡುಗಿ ಆ ದಿನ ಜಾಸ್ತಿ ಮಾತಾಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು. ನನಗೂ ಬೇಜಾರಾಯಿತು. ಆದರೆ ಇದು ನಮ್ಮೊಬ್ಬರ ಕಥೆ ಅಲ್ಲ. ಟೆಸ್ ತಂಡ ಪಟ್ಟಿ ಮಾಡಿದ, ಗ್ರಹ ಇರಬಹುದು ಅನ್ನುವ ಗುರುತುಗಳೇ 7,000 ದಾಟಿವೆ, ಗ್ರಹ ಅಂತ ಖಚಿತವಾದದ್ದು ಕೆಲವು ನೂರು. ಉಳಿದವುಗಳಲ್ಲಿ ಎಷ್ಟೋ ಹೀಗೆಯೇ ಪಕ್ಕದ ಮನೆಯ ದೀಪ ಅಂತ ಸಾಬೀತಾಗಿವೆ. ಅದನ್ನು ತಿಳಿಯಲು ಜಗತ್ತಿನ ಎಷ್ಟೋ ಕಡೆ ನೆಲದ ಮೇಲಿನ ಟೆಲಿಸ್ಕೋಪುಗಳು ರಾತ್ರಿಯಿಡೀ ಕಾಯುತ್ತವೆ, ಅವುಗಳಲ್ಲಿ ಹವ್ಯಾಸಿಗಳದ್ದೂ ಇವೆ.

ಹಾಗಾದರೆ ನಾವೂ ಕಾಯೋಣ ಅಂದಳು, ವಾರ ಬಿಟ್ಟು ಬಂದು. ಪಟ್ಟಿಯಲ್ಲಿ ಇದ್ದರೆ ಇರಲಿ, ಮಂಕಾಗುವುದು ಯಾವುದು ಅಂತ ನಾನೇ ನೋಡಬೇಕು ಅಂದಳು. ಶೇ. 0.7 ಇಳಿತವನ್ನು ಇಲ್ಲಿಂದ ಹಿಡಿಯುವುದು ನಮಗೆ ಆಗದ ಮಾತು. ಶೇ. 34ನ್ನು ಹಿಡಿಯಬಹುದು. ನಮ್ಮ ಎಂಟು ಇಂಚಿನ ಟೆಲಿಸ್ಕೋಪಿಗೆ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕಟ್ಟಿದರೆ ಒಂದು ಪಿಕ್ಸೆಲ್‌ಗೆ ಒಂದು ಆರ್ಕ್‌ಸೆಕೆಂಡ್ ಕೂಡ ಇಲ್ಲ, ಆ ಎರಡು ಮನೆ ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತವೆ. ಟೆಸ್‌ನ ಲೆನ್ಸ್ ನಮ್ಮ ಕನ್ನಡಿಗಿಂತ ಚಿಕ್ಕದು, 10.5 ಸೆಂಟಿಮೀಟರ್. ಅದು ಇರುವ ಜಾಗ ನಮಗಿಲ್ಲ, ನಮ್ಮ ಸಣ್ಣ ಪಿಕ್ಸೆಲ್ ಅದಕ್ಕಿಲ್ಲ.

ಗ್ರಹಣದ ಹೊತ್ತು ಲೆಕ್ಕ ಹಾಕುವುದೂ ಒಂದು ಪಾಠ. ಒಂದೇ ಸೆಕ್ಟರ್‌ನಿಂದ ಅವಧಿ ತೆಗೆದರೆ ಇಪ್ಪತ್ತು ಸೆಕೆಂಡ್ ಆಚೀಚೆ ಆಗುತ್ತದೆ. ಇಪ್ಪತ್ತು ಸೆಕೆಂಡ್ ಏನು ಮಹಾ ಅನ್ನಿಸಬಹುದು. ಎರಡು ವರ್ಷದಲ್ಲಿ ಸುಮಾರು 190 ಸುತ್ತು, ತಪ್ಪು ಸೇರಿ ಸೇರಿ ಒಂದು ಗಂಟೆ ದಾಟುತ್ತದೆ. ಎರಡೂ ಸೆಕ್ಟರ್ ಜೋಡಿಸಿದ ಮೇಲೆ ಆ ತಪ್ಪು ಒಂದೆರಡು ಸೆಕೆಂಡಿಗೆ ಇಳಿಯಿತು. ಅಲ್ಲಿಂದ ಮೂರು ವರ್ಷ ಮುಂದಕ್ಕೆ ಎಣಿಸಿದರೂ ಏಳೆಂಟು ನಿಮಿಷದೊಳಗೆ ಹೊತ್ತು ಹೇಳಬಹುದು ಅನ್ನುವಷ್ಟು ಧೈರ್ಯ ಬಂತು.

ಡಿಸೆಂಬರ್‌ನಲ್ಲಿ ಮಾಡಿದ ಮೊದಲ ಪ್ರಯತ್ನ ಹಾಳಾಯಿತು. ಅಡಿಕೆ ಸುಗ್ಗಿ. ಅಂಗಳದ ಚಪ್ಪರದ ಕೆಳಗೆ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವವರು, ತಲೆಯ ಮೇಲೆ ದೊಡ್ಡ ದೊಡ್ಡ ಬಲ್ಬು, ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ. ದೀಪ ಆರಿಸಿ ಅನ್ನಲು ಬಾಯಿ ಬರಲಿಲ್ಲ, ಅದು ಅವರ ಅನ್ನ. ಹೊಗೆ ಕಳೆಯಿತು ಅನ್ನುವಾಗ ಇಬ್ಬನಿ ಇಳಿಯಿತು, ಒಳಗಿನ ಸಣ್ಣ ಕನ್ನಡಿ ಬೆವರಿ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ.

ಎರಡನೇ ಸಲ ಎಳ್ಳಮಾವಾಸ್ಯೆಯ ರಾತ್ರಿ. ಸುಲಿಯುವವರೆಲ್ಲ ತೀರ್ಥಹಳ್ಳಿ ಜಾತ್ರೆಗೆ ಹೋಗಿದ್ದರು, ಮನೆ ಕತ್ತಲೆ, ಚಂದ್ರನೂ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಪಂಪ್‌ಸೆಟ್ ಶೆಡ್ಡಿನಿಂದ ವೈರ್ ಎಳೆದೆವು. ಕನ್ನಡಿ ಬೆವರದ ಹಾಗೆ ಕಾಲು ಗಂಟೆಗೊಮ್ಮೆ ಹೇರ್ ಡ್ರೈಯರ್ ಹಿಡಿಯುವುದು ನನ್ನ ಕೆಲಸ. ಎಂಟೂವರೆಗೆ ಶುರು ಮಾಡಿ ಒಂದೊಂದು ನಿಮಿಷದ ಚಿತ್ರ ತೆಗೆಯುತ್ತಾ ಹೋದಳು. ಹತ್ತಕ್ಕೆ ಸಣ್ಣ ಚುಕ್ಕೆ ಇಳಿಯತೊಡಗಿತು. ದೊಡ್ಡದು ಅಲ್ಲಾಡಲಿಲ್ಲ. ತೀರಾ ಕೆಳಗೆ ಮುಟ್ಟುವುದು 11:20ಕ್ಕೆ ಅಂತ ಬರೆದುಕೊಂಡಿದ್ದೆವು, 11:26ಕ್ಕೆ ಮುಟ್ಟಿತು. ಬೆಳಕಿನ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು.

ಅಷ್ಟು ಹೊತ್ತಿಗೆ ಅವಳ ಅಪ್ಪಯ್ಯ ಫ್ಲಾಸ್ಕಿನಲ್ಲಿ ಕಷಾಯ ಹಿಡಿದು ಗದ್ದೆಗೆ ಇಳಿದು ಬಂದರು. ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಅಷ್ಟು ಮಂದ ಚುಕ್ಕೆ ಕಾಣುವುದಿಲ್ಲ, ಹಾಗಾಗಿ ಹುಡುಗಿ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಗಂಟೆಯ ಚಿತ್ರ, ಹನ್ನೊಂದೂವರೆಯ ಚಿತ್ರ ಎರಡನ್ನೂ ಒಂದಾದ ಮೇಲೊಂದು ತೋರಿಸಿದಳು. ಅವರು ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ನಾಲ್ಕೈದು ಸಲ ನೋಡಿದರು.

"ದೊಡ್ಡದು ಹಾಗೇ ಇದೆಯಲ್ಲ ಮಾರಾಯ್ತಿ. ಮಂಕಾದ್ದು ಮೂಲೇದು."

"ಹೌದು ಅಪ್ಪಯ್ಯ."

"ಇನ್ನು ಯಾವಾಗ?"

"ಇದೇ ಗ್ರಹಣ ಮತ್ತೆ ಆಗೋದು ನಾಲ್ಕನೇ ದಿನ ಸಂಜೆ, ಇನ್ನೂ ಬೆಳಕಿರ್ತದೆ. ಆದ್ರೆ ನಾಡಿದ್ದು ರಾತ್ರಿ ಒಂಬತ್ತಕ್ಕೆ ಇನ್ನೊಂದು ನಕ್ಷತ್ರದ ಸರದಿ. ಅದರ ಆಳ ಸ್ವಲ್ಪ ಕಡಿಮೆ ಇರ್ಬೇಕು."

"ನಾಡಿದ್ದು ತೆಪ್ಪೋತ್ಸವ ಅಲ್ವಾ?"

ಹುಡುಗಿ ನನ್ನ ಕಡೆ ನೋಡಿದಳು. ತೆಪ್ಪ ನೋಡಿಕೊಂಡು ಬರುವ ಬಸ್ಸು ಎಷ್ಟು ಹೊತ್ತಿಗೆ ಅಂತ ಅವರಿಬ್ಬರೂ ಲೆಕ್ಕ ಹಾಕುತ್ತಾ ಕೂತರು. ನಾನು ಟೆಲಿಸ್ಕೋಪನ್ನು ಬಿಚ್ಚದೆ, ಗದ್ದೆಯಲ್ಲೇ ಬಿಟ್ಟು, ಅಡಿಕೆ ಮುಚ್ಚುವ ಟಾರ್ಪಾಲು ಹೊದೆಸಿದೆ.